ಸ್ವಂತವಾಗಿ ವಿಡಿಯೊ ಗೇಮ್ ಮಾಡಬೇಕು ಅನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಗಲು ಕೆಲಸ, ರಾತ್ರಿ ಗೇಮ್. ಕೆಲವು ವರ್ಷಗಳಿಂದ ನನ್ನ ದಿನ ಹೀಗೇ ನಡೆದಿದೆ. ಎರಡು ಸಣ್ಣ ಗೇಮ್ ಮುಗಿಸಿದ್ದೇನೆ, ಮೂರನೆಯದು ಕೈಯಲ್ಲಿದೆ. ಕಾಲೇಜು ಹುಡುಗ ಹುಡುಗಿಯರು, ಕೆಲಸದಲ್ಲಿರುವವರು, ಒಮ್ಮೊಮ್ಮೆ ಅವರ ಅಪ್ಪ ಅಮ್ಮಂದಿರು ಕೂಡ ನನ್ನನ್ನು ಕೇಳುವ ಪ್ರಶ್ನೆಗಳು ಇವು. ಈ ವಿಷಯದ ಮೇಲೆ ಇಂಗ್ಲಿಷಿನಲ್ಲಿ ರಾಶಿ ರಾಶಿ ಸಿಗುತ್ತದೆ. ಆದರೆ ಹಾವೇರಿಯಲ್ಲೋ ಬೆಂಗಳೂರಿನಲ್ಲೋ ಕುಳಿತು, ರೂಪಾಯಿಯಲ್ಲಿ ಲೆಕ್ಕ ಹಾಕುತ್ತಾ, ಕನ್ನಡ ಅಕ್ಷರ ಪರದೆಯ ಮೇಲೆ ಸರಿಯಾಗಿ ಮೂಡಲಿ ಎಂದು ಒದ್ದಾಡುವವರಿಗೆ ಬೇಕಾದ ಉತ್ತರ ಅಲ್ಲಿ ಕಡಿಮೆ. ಅದಕ್ಕೇ ಇದನ್ನು ಬರೆದೆ.

ಇಂಡೀ ಡೆವಲಪರ್ ಅಂದ್ರೆ ಯಾರು?

ದೊಡ್ಡ ಕಂಪನಿಯ ಹಣವಿಲ್ಲದೆ, ಯಾರ ಅಪ್ಪಣೆಗೂ ಕಾಯದೆ, ತಾನೇ ಅಥವಾ ನಾಲ್ಕಾರು ಜನ ಸೇರಿ ಗೇಮ್ ಮಾಡುವವರು. ಅಷ್ಟೇ. ಬೆಂಗಳೂರಿನಲ್ಲಿ ಗೇಮ್ ಕೆಲಸ ಹೊಸದೇನಲ್ಲ. ಧ್ರುವ ಇಂಟರಾಕ್ಟಿವ್ ಶುರುವಾಗಿದ್ದು 1997ರಲ್ಲಿ. ಮುಂದೆ 2019ರಲ್ಲಿ ಅದು ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ಆದರೆ ಇಲ್ಲಿ ವರ್ಷಗಟ್ಟಲೆ ನಡೆದಿದ್ದು ಹೆಚ್ಚಾಗಿ ಹೊರದೇಶದ ಗೇಮ್‌ಗಳಿಗೆ ಕಾರು, ಕಟ್ಟಡ, ಗಿಡಮರ ಮಾಡಿಕೊಡುವ ಕೆಲಸ. ಅದರಲ್ಲಿ ಕೈ ಪಳಗಿದವರು ನಮ್ಮಲ್ಲಿ ತುಂಬಾ ಇದ್ದಾರೆ. ನಮ್ಮದೇ ಗೇಮ್ ಅಂತ ಮಾಡುವವರು ಈಗೀಗ ಜಾಸ್ತಿ ಆಗುತ್ತಿದ್ದಾರೆ.

ನನಗೆ ಗೇಮ್ ಆಡೋದು ತುಂಬಾ ಇಷ್ಟ. ಅಷ್ಟು ಸಾಕಾ?

ಊಟ ಇಷ್ಟಪಡುವುದಕ್ಕೂ ಅಡುಗೆ ಮನೆಯಲ್ಲಿ ನಿಲ್ಲುವುದಕ್ಕೂ ಇರುವಷ್ಟೇ ವ್ಯತ್ಯಾಸ ಇಲ್ಲೂ ಇದೆ. ಒಂದು ಪರೀಕ್ಷೆ ಮಾಡಿ ನೋಡಿ. ನಿಮಗಿಷ್ಟವಾದ ಗೇಮ್‌ನಲ್ಲಿ ಪಾತ್ರ ಜಿಗಿಯುತ್ತದಲ್ಲ, ಆ ಒಂದು ಜಿಗಿತವನ್ನು ಅರ್ಧ ಗಂಟೆ ಗಮನಿಸಿ. ಏರುವಾಗ ಎಷ್ಟು ವೇಗ, ಇಳಿಯುವಾಗ ಎಷ್ಟು? ಬಟನ್ ಬೇಗ ಬಿಟ್ಟರೆ ಜಿಗಿತ ಚಿಕ್ಕದಾಗುತ್ತದಾ? ಅಂಚು ದಾಟಿದ ಮೇಲೂ ಒಂದು ಚೂರು ಹೊತ್ತು ಜಿಗಿಯಲು ಬಿಡುತ್ತದಾ? ಇದನ್ನೆಲ್ಲ ನೋಡುತ್ತಾ ನಿಮಗೆ ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ ಅಂದರೆ ಈ ಕೆಲಸ ನಿಮಗೆ ಒಗ್ಗುತ್ತದೆ.

ಇಂಜಿನಿಯರಿಂಗ್ ಓದಿರಬೇಕಾ? ಕೋಡಿಂಗ್ ಗೊತ್ತಿಲ್ಲ.

ಡಿಗ್ರಿ ಬೇಕಾಗಿಲ್ಲ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಗೇಮ್ ಕೊಳ್ಳುವವರು ಯಾರೂ ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ. ಆದರೆ ಕೋಡಿಂಗ್ ಕಲಿಯಲೇಬೇಕು. ಎಷ್ಟು ಬೇಕೋ ಅಷ್ಟು. ವೇರಿಯಬಲ್, ಷರತ್ತು, ಲೂಪ್, ಫಂಕ್ಷನ್ ಈ ನಾಲ್ಕು ಗಟ್ಟಿಯಾದರೆ ಮೊದಲ ಗೇಮ್ ಮಾಡಬಹುದು. ದಿನಕ್ಕೆ ಒಂದು ಗಂಟೆ ಕೊಟ್ಟರೆ ಎರಡು ಮೂರು ತಿಂಗಳಲ್ಲಿ ಕೈಗೆ ಬರುತ್ತದೆ.

ಕಾಲೇಜಿನಲ್ಲೇ ಓದಬೇಕು ಅನ್ನುವವರಿಗೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಬೆಂಗಳೂರು ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್ ವಿಷಯದಲ್ಲಿ ಸ್ನಾತಕೋತ್ತರ ಕೋರ್ಸ್ ಇದೆ. ಖಾಸಗಿ ಸಂಸ್ಥೆಗಳೂ ಹಲವು ಇವೆ. ಲಕ್ಷಗಟ್ಟಲೆ ಫೀಸು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಅಲ್ಲಿ ಓದಿದ ವಿದ್ಯಾರ್ಥಿಗಳು ಮುಗಿಸಿದ ಗೇಮ್ ಕೇಳಿ ತೆಗೆದುಕೊಂಡು ಆಡಿ. ಗೇಮ್ ತೋರಿಸಲು ಹಿಂಜರಿದರೆ ಸೇರಬೇಡಿ.

ಇಂಗ್ಲಿಷ್ ಅಷ್ಟಾಗಿ ಬರಲ್ಲ. ತೊಂದರೆ ಆಗುತ್ತಾ?

ಸ್ವಲ್ಪ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಇಂಜಿನ್‌ಗಳ, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್‌ಗಳ ಕೈಪಿಡಿ, ತಪ್ಪಿನ ಸಂದೇಶ, ಪಾಠಗಳು ಎಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ. ಆದರೆ ಬೇಕಾಗುವುದು ಭಾಷಣ ಮಾಡುವ ಇಂಗ್ಲಿಷ್ ಅಲ್ಲ, ಓದಿ ಅರ್ಥ ಮಾಡಿಕೊಳ್ಳುವ ಇಂಗ್ಲಿಷ್. ಅದರಲ್ಲೂ ಒಂದಿನ್ನೂರು ಪದ ತಿರುತಿರುಗಿ ಬರುತ್ತವೆ. ಒಂದು ನೋಟ್‌ಬುಕ್ಕಿನಲ್ಲಿ ಆ ಪದ, ಪಕ್ಕದಲ್ಲಿ ಕನ್ನಡದಲ್ಲಿ ಅದು ಮಾಡುವ ಕೆಲಸ ಬರೆದುಕೊಳ್ಳಿ. ನಾನೂ ಹಾಗೇ ಕಲಿತಿದ್ದು.

ಯಾವ ಇಂಜಿನ್ ಹಿಡಿಯಲಿ?

ಹೊಸಬರಿಗೆ ನಾನು ಗೋಡೋ ಹಿಡಿಯಿರಿ ಅನ್ನುತ್ತೇನೆ. ಅರ್ಜೆಂಟೀನಾದ ಇಬ್ಬರು ಶುರು ಮಾಡಿದ ಇಂಜಿನ್ ಇದು. 2014ರಲ್ಲಿ ಅದರ ಕೋಡ್ ಎಲ್ಲರಿಗೂ ಮುಕ್ತವಾಯಿತು. ಪೂರ್ತಿ ಉಚಿತ. ಗೇಮ್ ಕೋಟಿ ಗಳಿಸಿದರೂ ಅವರಿಗೆ ಪೈಸೆ ಕೊಡಬೇಕಾಗಿಲ್ಲ. ಡೌನ್‌ಲೋಡ್ ಕೂಡ ಚಿಕ್ಕದು, ಹಳೆಯ ಲ್ಯಾಪ್‌ಟಾಪಿನಲ್ಲೂ ತೆರೆಯುತ್ತದೆ. ಅದರ ಭಾಷೆ ಜಿಡಿಸ್ಕ್ರಿಪ್ಟ್ ನೋಡಲು ಪೈಥಾನ್ ಎಂಬ ಕೋಡಿಂಗ್ ಭಾಷೆಯ ಥರ ಇದೆ.

ಯೂನಿಟಿ ಕಲಿತರೆ ಕೆಲಸ ಸಿಗುವುದು ಸುಲಭ. ಮೊಬೈಲ್ ಗೇಮ್ ಕಂಪನಿಗಳು ಹೆಚ್ಚಾಗಿ ಅದನ್ನೇ ಕೇಳುತ್ತವೆ. ಆದರೆ 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಎಂದು ಘೋಷಿಸಿ ಎಲ್ಲರನ್ನೂ ಗಾಬರಿಗೊಳಿಸಿತು. ಒಂದು ವರ್ಷದ ನಂತರ ಆ ಶುಲ್ಕವನ್ನು ಕೈಬಿಟ್ಟಿತು. ಬೇರೆಯವರ ಇಂಜಿನ್ ಮೇಲೆ ನಿಂತಾಗ ಅವರ ನಿಯಮ ಬದಲಾಗಬಹುದು ಅನ್ನುವುದನ್ನು ಅಂದು ಎಲ್ಲರೂ ಕಂಡರು. ಅನ್‌ರಿಯಲ್ ನೋಡಲು ಅದ್ಭುತ, ಆದರೆ ಕಂಪ್ಯೂಟರ್ ಗಟ್ಟಿ ಇರಬೇಕು. ಗೇಮ್ 10 ಲಕ್ಷ ಡಾಲರ್ ಗಳಿಸುವವರೆಗೆ ಏನೂ ಕೊಡಬೇಕಾಗಿಲ್ಲ, ಆಮೇಲೆ ಅವರಿಗೆ ಪಾಲು ಹೋಗುತ್ತದೆ.

ಇಂಜಿನ್ ಹುಡುಕುವುದರಲ್ಲೇ ಆರು ತಿಂಗಳು ಕಳೆದವರನ್ನು ನೋಡಿದ್ದೇನೆ. 2024ರಲ್ಲಿ ಲಕ್ಷಾಂತರ ಪ್ರತಿ ಮಾರಾಟವಾದ ಬಲಾಟ್ರೊ ಗೇಮ್ ಅನ್ನು ಒಬ್ಬರೇ ಮಾಡಿದರು. ಅವರು ಬಳಸಿದ್ದು ಲವ್ ಎಂಬ ಪುಟ್ಟ ಉಚಿತ ಕೋಡ್ ಚೌಕಟ್ಟು (ಫ್ರೇಮ್‌ವರ್ಕ್). ಆಡಿದವರಿಗೆ ಅದು ಯಾವುದರಲ್ಲಿ ಮಾಡಿದ್ದು ಅಂತ ಗೊತ್ತೇ ಆಗುವುದಿಲ್ಲ.

ಕಂಪ್ಯೂಟರ್ ಎಂಥದ್ದು ಬೇಕು?

ಎರಡು ಆಯಾಮದ ಗೇಮ್‌ಗೆ 8 ಜಿಬಿ ರ್‍ಯಾಮ್ ಇರುವ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಹಣ ಉಳಿದರೆ ಒಂದು ಬ್ಯಾಕಪ್ ಡಿಸ್ಕ್ ತೆಗೆದುಕೊಳ್ಳಿ. ಜೊತೆಗೆ ಕೋಡಿನ ಪ್ರತಿ ಹಂತವನ್ನೂ ಉಳಿಸಿಡುವ ಗಿಟ್ ಎಂಬ ಸಾಫ್ಟ್‌ವೇರ್ ಕಲಿಯಿರಿ, ಮೊದಲ ವಾರದಲ್ಲೇ. ನನ್ನ ಲ್ಯಾಪ್‌ಟಾಪ್ ಒಂದು ಮಳೆಗಾಲದ ರಾತ್ರಿ ಕರೆಂಟ್ ಏರಿಳಿತಕ್ಕೆ ಸತ್ತುಹೋಯಿತು. ಅದರೊಂದಿಗೆ ನಾಲ್ಕು ತಿಂಗಳ ಕೆಲಸವೂ ಹೋಯಿತು. ಅಂದಿನಿಂದ ದಿನದ ಕೆಲಸ ಮುಗಿದ ಕೂಡಲೇ ಮನೆಯ ಹೊರಗೆ ಒಂದು ಪ್ರತಿ ಕಳಿಸದೆ ಮಲಗುವುದಿಲ್ಲ.

ಮೊದಲ ಗೇಮ್ ಯಾವುದು ಮಾಡಲಿ? ತಲೆಯಲ್ಲಿ ದೊಡ್ಡ ಕಥೆ ಇದೆ.

ಆ ಕಥೆಯನ್ನು ಪುಸ್ತಕದಲ್ಲಿ ಬರೆದಿಡಿ. ಅದು ಎಲ್ಲೂ ಹೋಗುವುದಿಲ್ಲ. ಮೊದಲು ಹುಲಿ-ಕುರಿ ಆಟ ಮಾಡಿ.

ಹೌದು, ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಪಟ ಬರೆದು ಆಡುತ್ತಿದ್ದ ಅದೇ ಆಟ. ಊರಿನಿಂದ ಊರಿಗೆ ಪಟ ಸ್ವಲ್ಪ ಬದಲಾಗುತ್ತದೆ. ಹೆಚ್ಚಾಗಿ ಕಾಣುವುದು 23 ಬಿಂದು, 3 ಹುಲಿ, 15 ಕುರಿ ಇರುವ ಪಟ. ಹುಲಿ ಕುರಿಯ ಮೇಲಿಂದ ಜಿಗಿದು ತಿನ್ನುತ್ತದೆ. ಕುರಿಗಳು ಸುತ್ತುವರಿದು ಹುಲಿ ಅಲ್ಲಾಡದ ಹಾಗೆ ಮಾಡಬೇಕು.

ಇದನ್ನೇ ಯಾಕೆ ಅಂದೆ ಅಂದರೆ, ಗೇಮ್ ಮಾಡಲು ಬೇಕಾದ್ದೆಲ್ಲ ಇದರಲ್ಲಿ ಚಿಕ್ಕದಾಗಿ ಇದೆ. ಸರದಿ ಯಾರದು ಅಂತ ನೆನಪಿಡಬೇಕು. ಯಾವ ನಡೆ ಸರಿ, ಯಾವುದು ತಪ್ಪು ಅಂತ ಕೋಡ್ ಹೇಳಬೇಕು. ಗೆಲುವು ಯಾವಾಗ ಅಂತ ಕಂಡುಹಿಡಿಯಬೇಕು. ಆಟಗಾರ ಕುರಿ ಮುಟ್ಟಿದಾಗ ಎಲ್ಲೆಲ್ಲಿಗೆ ಹೋಗಬಹುದು ಅಂತ ಬೆಳಕು ತೋರಿಸಬೇಕು. ಎದುರು ಆಡಲು ಯಾರೂ ಇಲ್ಲದಿದ್ದರೆ ಹುಲಿಯನ್ನು ಕಂಪ್ಯೂಟರ್ ಆಡಬೇಕು. ಚಿತ್ರ ಬೇಕಾಗಿರುವುದು ಎರಡೇ ಪ್ರಾಣಿಯದ್ದು. ನಿಯಮ ಯೋಚಿಸುವ ತಲೆನೋವಿಲ್ಲ. ಹಿರಿಯರು ನೂರಾರು ವರ್ಷ ಆಡಿ ಆಡಿ ತಿದ್ದಿಟ್ಟಿದ್ದಾರೆ.

ಇನ್ನೊಂದು ಪಾಠವೂ ಇದರಲ್ಲಿದೆ. ಎರಡೂ ಕಡೆಯ ಬಲ ಒಂದೇ ಅಲ್ಲ, ಆದರೂ ಆಟ ಸಮಬಲದ್ದು. ಕುರಿಗಳನ್ನು 15ರಿಂದ 12ಕ್ಕೆ ಇಳಿಸಿ, ಹುಣಸೆ ಬೀಜ ಇಟ್ಟು ಹತ್ತು ಸಲ ಆಡಿ ನೋಡಿ. ಆಟ ಪೂರಾ ಬೇರೆಯಾಗುತ್ತದೆ. ಒಂದು ಸಂಖ್ಯೆ ಬದಲಾಯಿಸಿ, ಆಡಿ, ಏನಾಯಿತು ಅಂತ ನೋಡುವುದು ಗೇಮ್ ಡಿಸೈನಿನ ದಿನನಿತ್ಯದ ಕೆಲಸ. ಅದಕ್ಕೆ ಕಂಪ್ಯೂಟರ್ ಕೂಡ ಬೇಡ.

ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆ ನೋಡಿ. ಅದನ್ನು ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಮಣೆ ಆಟಗಳನ್ನು ಕಟ್ಟಿದವರು. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಮಣೆ ಆಟಗಳನ್ನು ಮತ್ತೆ ಮಾಡಿಸಿ ಪ್ರದರ್ಶನ ನಡೆಸುತ್ತಾ ಬಂದಿದ್ದಾರೆ. ಚೌಕಾಬಾರ, ಅಳಗುಳಿಮಣೆ, ಪಗಡೆ ಎಲ್ಲ ಕಣ್ಣಾರೆ ನೋಡಬಹುದು. ನನಗೆ ಯಾವ ಪಾಠದ ವಿಡಿಯೊಗಿಂತ ಅಲ್ಲಿ ನಿಂತ ಒಂದು ಮಧ್ಯಾಹ್ನ ಜಾಸ್ತಿ ಕಲಿಸಿತು.

ಹುಲಿ-ಕುರಿಯನ್ನು ಒಂದು ತಿಂಗಳಲ್ಲಿ ಮುಗಿಸಿ. ಮುಗಿಸುವುದು ಅಂದರೆ ಶುರುವಿನ ಪರದೆ, ಸದ್ದು ನಿಲ್ಲಿಸುವ ಬಟನ್, ಸೋತ ಮೇಲೆ ಮತ್ತೆ ಆಡುವ ದಾರಿ, ಎಲ್ಲ ಇರಬೇಕು. ಗೇಮ್ 90 ಭಾಗ ಆಗಿದೆ ಅನ್ನಿಸಿದಾಗ ಅರ್ಧ ಕೆಲಸ ಬಾಕಿ ಇರುತ್ತದೆ. ಇದು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಒಂದು ಸಲ ಮಾಡಿ ಮುಗಿಸಿದವರಿಗೆ ಗೊತ್ತಾಗುತ್ತದೆ.

ನನ್ನ ಐಡಿಯಾ ಯಾರಾದರೂ ಕದ್ದರೆ?

ಕದಿಯುವುದಿಲ್ಲ. ಎಲ್ಲರ ಬಳಿಯೂ ಅವರದ್ದೇ ಐಡಿಯಾ ಇದೆ, ಮುಗಿಸಲು ಹೊತ್ತಿಲ್ಲ. ಬಚ್ಚಿಟ್ಟರೆ ಮಾತ್ರ ನಷ್ಟ. ಆಡಿ ನೋಡುವವರು ಸಿಗುವುದಿಲ್ಲ.

ಚಿತ್ರ ಬಿಡಿಸೋಕೆ ಬರಲ್ಲ, ಸಂಗೀತವೂ ಬರಲ್ಲ.

ಎರಡು ದಾರಿ ಇವೆ. ಒಂದು, ಬೇರೆಯವರು ಉಚಿತವಾಗಿ ಕೊಟ್ಟಿದ್ದನ್ನು ಬಳಸುವುದು. ಕೆನ್ನಿ ಎಂಬ ತಾಣದಲ್ಲಿ ಸಾವಿರಾರು ಚಿತ್ರ, ಸದ್ದು ಸಿಗುತ್ತವೆ. ಹೆಸರು ಹಾಕದೆಯೂ ಬಳಸಬಹುದಾದ ಲೈಸೆನ್ಸಿನಲ್ಲಿ ಕೊಟ್ಟಿದ್ದಾರೆ. ಬೇರೆ ಕಡೆಯಿಂದ ತೆಗೆದುಕೊಂಡರೆ ಲೈಸೆನ್ಸ್ ಓದಿ. ಸಿನಿಮಾ ಹಾಡು, ಯಾರದ್ದೋ ಯಕ್ಷಗಾನ ರೆಕಾರ್ಡಿಂಗ್ ಇವನ್ನು ಕೇಳದೆ ಹಾಕಬೇಡಿ. ಹಾಡಿನ ಸಾಹಿತ್ಯ ಹಳೆಯದಾಗಿ ಹಕ್ಕು ಮುಗಿದಿದ್ದರೂ ಆ ಹಾಡಿಕೆಯ ರೆಕಾರ್ಡಿಂಗ್ ಮೇಲೆ ಬೇರೆಯವರ ಹಕ್ಕು ಇರುತ್ತದೆ.

ಇನ್ನೊಂದು ದಾರಿ, ಸರಳವಾದ ಒಂದು ಶೈಲಿ ಹಿಡಿದು ಅದರಲ್ಲೇ ನಿಲ್ಲುವುದು. ಚೌಕ, ವೃತ್ತ, ನಾಲ್ಕೇ ಬಣ್ಣ. ಎಲ್ಲವೂ ಒಂದೇ ಕೈಯಿಂದ ಬಂದ ಹಾಗೆ ಕಂಡರೆ ಜನ ಒಪ್ಪುತ್ತಾರೆ. ಸ್ಟಾರ್‌ಡ್ಯೂ ವ್ಯಾಲಿ ಮಾಡಿದ ಎರಿಕ್ ಬ್ಯಾರೋನ್ ಚಿತ್ರ, ಸಂಗೀತ, ಕಥೆ, ಕೋಡ್ ಎಲ್ಲ ಒಬ್ಬರೇ ಮಾಡಿದರು. ಶುರುವಿನ ಚಿತ್ರಗಳು ಸಮಾಧಾನವಾಗದೆ ಮತ್ತೆ ಮತ್ತೆ ಬಿಡಿಸಿದರು. ನಾಲ್ಕು ವರ್ಷಕ್ಕೂ ಜಾಸ್ತಿ ಹಿಡಿಯಿತು. ಆ ದಿನಗಳಲ್ಲಿ ಅವರು ಥಿಯೇಟರ್ ಒಂದರಲ್ಲಿ ಜನರಿಗೆ ಸೀಟು ತೋರಿಸುವ ಅರೆಕಾಲಿಕ ಕೆಲಸ ಮಾಡುತ್ತಿದ್ದರು. ಗೇಮ್ ಬಂದಿದ್ದು 2016ರ ಫೆಬ್ರವರಿಯಲ್ಲಿ.

ಎಐನಿಂದ ಚಿತ್ರ ಮಾಡಿಸಿಕೊಂಡರೆ?

ಸ್ಟೀಮ್‌ನಲ್ಲಿ ಹಾಕುವಾಗ ಅದನ್ನು ತಿಳಿಸಬೇಕು. 2024ರ ಜನವರಿಯಿಂದ ಈ ನಿಯಮ ಇದೆ, ಗೇಮಿನ ಪುಟದಲ್ಲೂ ಅದು ಕಾಣುತ್ತದೆ. ಅದನ್ನು ನೋಡಿ ಬಿಟ್ಟುಹೋಗುವ ಆಟಗಾರರು ಇದ್ದಾರೆ. ನಾನು ಬಳಸುವುದಿಲ್ಲ. ಹಣ ಕೂಡಿದಾಗ ಒಬ್ಬ ಕಲಾವಿದರಿಗೆ ಕೊಟ್ಟು ಬರೆಸುತ್ತೇನೆ. ನಮ್ಮ ಚಿತ್ರಕಲಾ ಶಾಲೆಗಳಿಂದ ಹೊರಬಂದವರಲ್ಲಿ ಇಂಥ ಕೆಲಸಕ್ಕೆ ಕಾಯುತ್ತಿರುವವರು ತುಂಬಾ ಜನ.

ಕನ್ನಡದಲ್ಲೇ ಗೇಮ್ ಮಾಡಬಹುದಾ? ನನ್ನ ಪರದೆಯಲ್ಲಿ ಒತ್ತಕ್ಷರ ಒಡೆದು ಬರುತ್ತಿದೆ.

ಮಾಡಬಹುದು. ಈ ಉತ್ತರ ಸ್ವಲ್ಪ ಉದ್ದ, ಯಾಕೆಂದರೆ ನಾನು ಅತಿ ಜಾಸ್ತಿ ದಿನ ಕಳೆದಿದ್ದು ಇದರ ಮೇಲೆಯೇ.

ಇಂಗ್ಲಿಷ್ ಅಕ್ಷರಗಳನ್ನು ಮಣಿ ಪೋಣಿಸಿದ ಹಾಗೆ ಒಂದರ ಪಕ್ಕ ಒಂದು ಇಟ್ಟರೆ ಆಯಿತು. ಕನ್ನಡ ಹಾಗಲ್ಲ. ‘ಸೂರ್ಯ’ ಬರೆದಾಗ ರ್ ಅರ್ಕಾವತ್ತಾಗಿ ಯ ಆದಮೇಲೆ ಕೂರಬೇಕು. ‘ರಾಷ್ಟ್ರ’ದಲ್ಲಿ ಒತ್ತುಗಳು ಕೆಳಗೆ ಇಳಿಯಬೇಕು. ಈ ಜೋಡಣೆ ಮಾಡುವುದು ಒಂದು ಪ್ರತ್ಯೇಕ ಸಾಫ್ಟ್‌ವೇರ್. ಹೆಚ್ಚಿನ ಕಡೆ ಬಳಸುವುದು ಹಾರ್ಫ್‌ಬಜ್. ಇಂಜಿನ್ ಅದನ್ನು ಬಳಸದಿದ್ದರೆ ‘ರಾಷ್‌ಟ್‌ರ’ ಅಂತ ಒಡೆದು ಬರುತ್ತದೆ. ತಪ್ಪು ನಿಮ್ಮ ಟೈಪಿಂಗಿನದ್ದಲ್ಲ.

ಗೋಡೋ 4 ಬಂದಾಗಿನಿಂದ ಹಾರ್ಫ್‌ಬಜ್ ಒಳಗೇ ಇದೆ, ಕನ್ನಡ ಸರಿಯಾಗಿ ಬರುತ್ತದೆ. ಗೋಡೋ 3ರಲ್ಲಿ ಬರುತ್ತಿರಲಿಲ್ಲ, ಹಳೆಯ ಪಾಠ ನೋಡಿ ಆ ಆವೃತ್ತಿ ಹಾಕಿಕೊಳ್ಳಬೇಡಿ. ಯೂನಿಟಿಯಲ್ಲಿ ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್ ಪ್ರೋ ಕನ್ನಡವನ್ನು ಒಡೆಯುತ್ತದೆ, ಅಲ್ಲಿ ಬೇರೆ ಪ್ಲಗಿನ್ ಹುಡುಕಬೇಕು. ಯಾವ ಇಂಜಿನ್ ಆದರೂ ಮೊದಲ ದಿನವೇ ಸೂರ್ಯ, ರಾಷ್ಟ್ರ, ಸ್ತ್ರೀ, ಕೊಕ್ಕೆ ಈ ನಾಲ್ಕು ಪದ ಬರೆದು ನೋಡಿ. ಗೇಮ್ ಅರ್ಧ ಆದಮೇಲೆ ನೋಡಿದರೆ ಅಳು ಬರುತ್ತದೆ.

ಫಾಂಟನ್ನು ಗೇಮಿನ ಒಳಗೇ ಸೇರಿಸಿ. ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರುತ್ತದೆ, ಇಂಜಿನ್ ಅದನ್ನೇ ಎತ್ತಿಕೊಂಡು ತೋರಿಸಿಬಿಡುತ್ತದೆ. ಅದೇ ಗೇಮ್ ಬ್ರೌಸರಿನಲ್ಲಿ ತೆರೆದರೆ ಬರೀ ಚೌಕಗಳು. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ ಇವೆಲ್ಲ ಮುಕ್ತ ಲೈಸೆನ್ಸಿನವು, ಗೇಮಿನಲ್ಲಿ ಇಟ್ಟು ಮಾರಬಹುದು. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಸಂಭಾಷಣೆ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿ.

ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಪರಿಣಾಮ ಎಲ್ಲರಿಗೂ ಇಷ್ಟ. ಇಂಗ್ಲಿಷಿಗೆ ಬರೆದ ಕೋಡ್ ಹಾಗೇ ಹಾಕಿದರೆ ‘ಕ್ಷ’ ಮೊದಲು ‘ಕ’ ಆಗಿ, ಆಮೇಲೆ ‘ಕ್’ ಆಗಿ, ಕೊನೆಗೆ ‘ಕ್ಷ’ ಆಗುತ್ತದೆ. ಕಣ್ಣಿಗೆ ಅದು ನಡುಗಿದ ಹಾಗೆ ಕಾಣುತ್ತದೆ. ಗೋಡೋದಲ್ಲಿ ಜೋಡಣೆ ಆದಮೇಲೆ ಅಕ್ಷರ ತೋರಿಸು ಎಂಬ ಆಯ್ಕೆ ಇದೆ, ಅದನ್ನು ಹಾಕಿ. ಸಾಲುಗಳ ನಡುವಿನ ಜಾಗವನ್ನೂ ಹೆಚ್ಚಿಸಿ. ಒತ್ತಿನ ಕೆಳಗೆ ಒತ್ತು ಬಂದಾಗ ಕೆಳಗಿನ ಸಾಲಿಗೆ ತಾಗುತ್ತದೆ. ಎಂಟು ಪಿಕ್ಸೆಲ್ ಎತ್ತರದಲ್ಲಿ ಇಂಗ್ಲಿಷ್ ಓದಬಹುದು, ಕನ್ನಡ ಓದಲಾಗದು.

ಎಲ್ಲಕ್ಕಿಂತ ಕಷ್ಟದ್ದು ವಿಭಕ್ತಿ. ಇಂಗ್ಲಿಷ್ ಗೇಮಿನಲ್ಲಿ ಒಂದು ವಾಕ್ಯದ ನಡುವೆ ಖಾಲಿ ಜಾಗ ಬಿಟ್ಟು ವಸ್ತುವಿನ ಹೆಸರು ತುರುಕುತ್ತಾರೆ. ಕನ್ನಡದಲ್ಲಿ ಕತ್ತಿ ‘ಕತ್ತಿಯನ್ನು’ ಆಗುತ್ತದೆ, ಬಿಲ್ಲು ‘ಬಿಲ್ಲನ್ನು’, ಹಾರ ‘ಹಾರವನ್ನು’. ಆಟಗಾರರ ಹೆಸರು ರವಿ ಆದರೆ ‘ರವಿಗೆ’, ಗಣೇಶ ಆದರೆ ‘ಗಣೇಶನಿಗೆ’. ಇದನ್ನು ಕೋಡಿನಲ್ಲಿ ಹಿಡಿಯಲು ಹೋಗಿ ನಾನು ಒಂದು ತಿಂಗಳು ಕಳೆದೆ. ಕೊನೆಗೆ ವಾಕ್ಯವನ್ನೇ ತಿರುಗಿಸಿದೆ. ‘ನೀವು ಕತ್ತಿಯನ್ನು ಪಡೆದಿರಿ’ ಬದಲು ‘ಕತ್ತಿ ಸಿಕ್ಕಿತು’. ಹೆಸರಿಗೆ ಪ್ರತ್ಯಯ ಅಂಟುವುದಿಲ್ಲ, ಓದಲೂ ಇದೇ ಚೆಂದ. ನಾವು ಮನೆಯಲ್ಲಿ ಮಾತಾಡುವುದೂ ಹೀಗೇ ಅಲ್ವಾ?

ಕನ್ನಡ ಗೇಮನ್ನು ಯಾರು ಕೊಳ್ಳುತ್ತಾರೆ?

ಕನ್ನಡ ಒಂದನ್ನೇ ನಂಬಿ ಹೊಟ್ಟೆ ಹೊರೆಯುವುದು ಇವತ್ತಿಗೆ ಕಷ್ಟ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬಿಡುಗಡೆ ಮಾಡಿ. ನಮ್ಮ ಊರಿನ ಕಥೆ ಹೊರಗಿನವರಿಗೆ ಹಿಡಿಸುವುದಿಲ್ಲ ಅನ್ನುವ ಮಾತನ್ನು ಮಾತ್ರ ನಂಬಬೇಡಿ. 2023ರಲ್ಲಿ ಬಂದ ವೆಣ್ಬಾ ಗೇಮ್ ನೋಡಿ. ಕೆನಡಾಕ್ಕೆ ಹೋದ ತಮಿಳು ಕುಟುಂಬ, ಅಮ್ಮನ ಅಡುಗೆ ಪುಸ್ತಕ, ಇಡ್ಲಿ, ಪುಟ್ಟು. ಟೊರಾಂಟೊದ ಸಣ್ಣ ತಂಡ ಮಾಡಿದ್ದು. 2024ರಲ್ಲಿ ಚೊಚ್ಚಲ ಗೇಮಿಗೆ ಕೊಡುವ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಅದಕ್ಕೆ ಬಂತು. ಇಡ್ಲಿ ಹಿಟ್ಟು ಏನೆಂದು ಗೊತ್ತಿಲ್ಲದವರು ಅದನ್ನು ಆಡಿ ತಮ್ಮ ಅಮ್ಮನನ್ನು ನೆನೆದರು.

ಪುಣೆಯ ನಾಡಿಂಗ್ ಹೆಡ್ಸ್ ತಂಡದ ರಾಜಿ ಗೇಮ್ ಕೂಡ ಹಾಗೇ. 2017ರಲ್ಲಿ ಜನರಿಂದ ಹಣ ಕೂಡಿಸಲು ಕಿಕ್‌ಸ್ಟಾರ್ಟರ್‌ಗೆ ಹೋದರು, ಗುರಿ ಮುಟ್ಟಲಿಲ್ಲ. ಬಿಡದೆ ಮಾಡಿ 2020ರಲ್ಲಿ ತಂದರು. ಆ ವರ್ಷ ದಿ ಗೇಮ್ ಅವಾರ್ಡ್ಸ್‌ನ ಚೊಚ್ಚಲ ಗೇಮ್ ವಿಭಾಗದಲ್ಲಿ ಅದು ಅಂತಿಮ ಪಟ್ಟಿ ಸೇರಿತು.

ಮೊಬೈಲಾ, ಪಿಸಿಯಾ?

ನಮ್ಮ ದೇಶದಲ್ಲಿ ಆಡುವವರು ಬಹುಪಾಲು ಮೊಬೈಲಿನಲ್ಲಿದ್ದಾರೆ. ಆದರೆ ಮೊಬೈಲ್ ಗೇಮಿಗೆ ಮೊದಲೇ ದುಡ್ಡು ಕೊಡುವವರು ಕಡಿಮೆ. ಜಾಹೀರಾತಿನಿಂದ ಬರುವ ಹಣ ಆಡಿದವರ ಸಂಖ್ಯೆ ಲಕ್ಷ ದಾಟಿದರೆ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಒಬ್ಬರೇ ಮಾಡುವವರಿಗೆ ನಾನು ಪಿಸಿ ಹೇಳುತ್ತೇನೆ. ಸ್ಟೀಮ್‌ನಲ್ಲಿ ಹೊಸ ಹೊಸ ಸಣ್ಣ ಗೇಮ್ ಹುಡುಕಿ ದುಡ್ಡು ಕೊಟ್ಟು ಕೊಳ್ಳುವ ಜನ ಇದ್ದಾರೆ.

ಮೊಬೈಲೇ ಬೇಕು ಅಂದರೆ ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್, ಆಪಲ್‌ಗೆ ಪ್ರತಿ ವರ್ಷ 99 ಡಾಲರ್. ಗೂಗಲ್‌ನಲ್ಲಿ ಈಗ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಬಿಡುಗಡೆಗೆ ಮೊದಲು ಕನಿಷ್ಠ 12 ಜನರಿಂದ 14 ದಿನ ಸತತ ಪರೀಕ್ಷೆ ಮಾಡಿಸಬೇಕು. ಗೆಳೆಯರ ಪಟ್ಟಿ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. 12 ಜನ ಎರಡು ವಾರ ಉಳಿಯಬೇಕಾದರೆ 20 ಜನರನ್ನಾದರೂ ಕೇಳಿರಬೇಕು.

ಸ್ಟೀಮ್‌ನಲ್ಲಿ ಹಾಕಲು ಏನೇನು ಬೇಕು?

ಪ್ರತಿ ಗೇಮಿಗೆ 100 ಡಾಲರ್ ಕಟ್ಟಬೇಕು. ಗೇಮ್ 1000 ಡಾಲರ್ ಗಳಿಸಿದರೆ ಅದು ವಾಪಸ್ ಬರುತ್ತದೆ. ಮೊದಲ ಸಲ ಕಟ್ಟಿದ ಮೇಲೆ 30 ದಿನ ಕಾಯಬೇಕು, ‘ಶೀಘ್ರದಲ್ಲಿ’ ಎಂಬ ಪುಟ ಕನಿಷ್ಠ ಎರಡು ವಾರ ತೆರೆದಿರಬೇಕು. ಕಂಪನಿ ಬೇಕಾಗಿಲ್ಲ, ನಿಮ್ಮ ಹೆಸರಲ್ಲೇ ಮಾಡಬಹುದು.

ಎರಡು ವಾರ ಅನ್ನುವುದು ನಿಯಮ. ನೀವು ಆರು ತಿಂಗಳು ಮೊದಲೇ ಪುಟ ತೆರೆಯಿರಿ. ಇಷ್ಟವಾದವರು ತಮಗೆ ಬೇಕಾದ ಗೇಮ್‌ಗಳ ಪಟ್ಟಿಗೆ, ಅಂದರೆ ವಿಶ್‌ಲಿಸ್ಟಿಗೆ ಹಾಕಿಕೊಳ್ಳುತ್ತಾರೆ, ಬಿಡುಗಡೆಯ ದಿನ ಅವರಿಗೆ ಮೇಲ್ ಹೋಗುತ್ತದೆ. ನೆಕ್ಸ್ಟ್ ಫೆಸ್ಟ್ ಅಂತ ವರ್ಷಕ್ಕೆ ಮೂರು ಸಲ ಡೆಮೊ ಹಬ್ಬ ನಡೆಯುತ್ತದೆ. ಒಂದು ಗೇಮಿಗೆ ಒಂದೇ ಅವಕಾಶ. ಡೆಮೊ ಗಟ್ಟಿಯಾಗುವವರೆಗೆ ಅದನ್ನು ಖರ್ಚು ಮಾಡಬೇಡಿ.

ದುಡ್ಡಿಲ್ಲದೆ ಶುರು ಮಾಡುವವರಿಗೆ ಇಚ್ (itch.io) ಎಂಬ ತಾಣ ಇದೆ. ಉಚಿತ, ಇವತ್ತೇ ಹಾಕಬಹುದು. ಹುಲಿ-ಕುರಿ ಅಲ್ಲಿಗೆ ಹೋಗಲಿ.

ಎಷ್ಟು ದುಡ್ಡು ಬರುತ್ತದೆ? ಕೆಲಸ ಬಿಡಲಾ?

ಬಿಡಬೇಡಿ. ಲೆಕ್ಕ ಹಾಕಿ ನೋಡೋಣ. ನಿಮ್ಮ ಗೇಮ್ 1000 ಪ್ರತಿ ಹೋಯಿತು ಅನ್ನಿ, ರಿಯಾಯಿತಿ ಎಲ್ಲ ಕಳೆದು ಸರಾಸರಿ 300 ರೂಪಾಯಿ. ಒಟ್ಟು 3 ಲಕ್ಷ. ಸ್ಟೀಮ್ 30% ಇಟ್ಟುಕೊಂಡರೆ ಉಳಿದಿದ್ದು 2 ಲಕ್ಷ 10 ಸಾವಿರ. ಅದರಲ್ಲಿ ತೆರಿಗೆ, ವಾಪಸ್ ಮಾಡಿದವರ ಹಣ ಇನ್ನೂ ಹೋಗಬೇಕು. ಎರಡು ವರ್ಷ ಕೆಲಸ ಮಾಡಿದ್ದರೆ ತಿಂಗಳಿಗೆ 8,750 ರೂಪಾಯಿ. ಮೊದಲ ಗೇಮ್ 1000 ಪ್ರತಿ ಹೋಗುವುದೇ ಒಳ್ಳೆಯ ಸುದ್ದಿ.

ಹಾಗಾಗಿ ನಾನು ಹೇಳುವುದು ಇಷ್ಟು. ಸಂಜೆ ಮತ್ತು ಭಾನುವಾರ ಮಾಡಿ. ಎರಡು ಗೇಮ್ ಮುಗಿಸಿ ಮಾರಿದ ಮೇಲೆ, ಒಂದೂವರೆ ವರ್ಷದ ಮನೆ ಖರ್ಚು ಬ್ಯಾಂಕಿನಲ್ಲಿ ಇದ್ದರೆ, ಆಗ ಯೋಚಿಸಿ. ಸಾಲ ಮಾಡಿ ಗೇಮ್ ಮಾಡಬೇಡಿ. ಮನೆ ಪತ್ರ ಅಡ ಇಟ್ಟು ಮಾಡುವಂಥ ಗೇಮ್ ಯಾವುದೂ ಇಲ್ಲ.

ಡಾಲರಿನಲ್ಲಿ ಹಣ ಬಂದರೆ ತೆರಿಗೆ?

ಸ್ಟೀಮ್ ಖಾತೆ ತೆರೆಯುವಾಗ ತೆರಿಗೆ ಫಾರ್ಮ್ ತುಂಬಿಸುತ್ತಾರೆ. ಅಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಭಾರತ-ಅಮೆರಿಕ ಒಪ್ಪಂದದ ಲಾಭ ಕೇಳಿ. ಇಲ್ಲದಿದ್ದರೆ ಅಮೆರಿಕದಲ್ಲಿ ಆದ ಮಾರಾಟದ ಮೇಲೆ 30% ಅಲ್ಲೇ ಮುರಿದುಕೊಳ್ಳುತ್ತಾರೆ. ಇಲ್ಲಿ ಆದಾಯ ತೆರಿಗೆ ಕಟ್ಟುವಾಗ ಅಲ್ಲಿ ಮುರಿದಿದ್ದನ್ನು ತೋರಿಸಬಹುದು. ಜಿಎಸ್‌ಟಿಯಲ್ಲಿ ಇದು ಸೇವೆಯ ರಫ್ತು. ಬ್ಯಾಂಕ್ ಕೊಡುವ ಹಣ ಬಂದ ದಾಖಲೆಗಳನ್ನು ಒಂದನ್ನೂ ಕಳೆಯಬೇಡಿ. ಮೊದಲ ಹಣ ಬರುವ ಮೊದಲೇ, ರಫ್ತು ಗೊತ್ತಿರುವ ಒಬ್ಬ ಸಿಎ ಹತ್ತಿರ ಒಂದು ಗಂಟೆ ಕುಳಿತು ಮಾತಾಡಿ.

ಆನ್‌ಲೈನ್ ಗೇಮ್ ನಿಷೇಧ ಆಯ್ತಲ್ಲ? ಮನೆಯಲ್ಲಿ ಬೇಡ ಅಂತಿದ್ದಾರೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ತಡೆದಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು. ಕಥೆ ಹೇಳುವ, ಒಗಟು ಬಿಡಿಸುವ, ಒಮ್ಮೆ ಕೊಂಡು ಆಡುವ ಗೇಮ್‌ಗೂ ಅದಕ್ಕೂ ಸಂಬಂಧ ಇಲ್ಲ. ಮನೆಯವರ ತಲೆಯಲ್ಲಿ ಗೇಮ್ ಅಂದರೆ ರಮ್ಮಿ ಜಾಹೀರಾತು. ಎಷ್ಟೋ ಮನೆ ಹಾಳಾಗಿದ್ದನ್ನು ಅವರು ಪೇಪರಿನಲ್ಲಿ ಓದಿದ್ದಾರೆ, ಅವರ ಭಯ ಸುಮ್ನೆ ಬಂದಿದ್ದಲ್ಲ. ವಾದ ಮಾಡಬೇಡಿ. ಫೋನ್ ಅಮ್ಮನ ಕೈಗೆ ಕೊಟ್ಟು ಹುಲಿ-ಕುರಿ ಆಡಿಸಿ. ನಮ್ಮಮ್ಮ ಕುರಿ ಆಡಿ ನನ್ನ ಕಂಪ್ಯೂಟರ್ ಹುಲಿಯನ್ನು ಮೂರು ಸಲ ಕಟ್ಟಿಹಾಕಿದರು. ಆಮೇಲೆ ಪಟದಲ್ಲಿ ಒಂದು ಗೆರೆ ಬಿಟ್ಟುಹೋಗಿದೆ ಅಂತ ತೋರಿಸಿದರು. ಅವರು ಹೇಳಿದ್ದು ಸರಿಯಾಗಿತ್ತು.

ಜೊತೆಗಾರರು, ಸಹಾಯ ಎಲ್ಲಿ ಸಿಗುತ್ತದೆ?

ಗೇಮ್ ಜಾಮ್‌ಗೆ ಹೋಗಿ. ಜನವರಿ ಕೊನೆಯ ಹೊತ್ತಿಗೆ ನಡೆಯುವ ಗ್ಲೋಬಲ್ ಗೇಮ್ ಜಾಮ್ 2009ರಿಂದ ಇದೆ. ಎರಡು ದಿನದಲ್ಲಿ ಗೊತ್ತಿಲ್ಲದವರ ಜೊತೆ ಕೂತು ಒಂದು ಗೇಮ್ ಮಾಡಿದಾಗ ಯಾರ ಜೊತೆ ಕೆಲಸ ಸಾಗುತ್ತದೆ ಅಂತ ತಿಳಿಯುತ್ತದೆ. ಹಣದ ವಿಷಯಕ್ಕೆ ಸೋನಿಯ ಇಂಡಿಯಾ ಹೀರೋ ಪ್ರಾಜೆಕ್ಟ್, ಕ್ರಾಫ್ಟನ್‌ನ ಇನ್‌ಕ್ಯುಬೇಟರ್, ಎಪಿಕ್‌ನ ಮೆಗಾಗ್ರಾಂಟ್ ಇವನ್ನು ನೋಡಿ. ಎಲ್ಲರೂ ಕೇಳುವುದು ಆಡಲು ಬರುವ ಒಂದು ತುಣುಕು.

ಆನಿಮೇಷನ್, ಗೇಮ್ ಕ್ಷೇತ್ರಕ್ಕೆ ಅಂತ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. ಈಗ 2024-29ರ ಹೊಸ ನೀತಿ ಇದೆ. ಬೆಂಗಳೂರಿನಲ್ಲಿ ಈ ಕ್ಷೇತ್ರದವರ ಅಬಾಯ್ ಸಂಸ್ಥೆ ನಡೆಸುವ ಜಿಎಎಫ್‌ಎಕ್ಸ್ ಮೇಳಕ್ಕೆ ಒಮ್ಮೆ ಹೋಗಿ ಬನ್ನಿ. ನನಗೆ ಒಂದು ಬೇಸರ ಇದೆ. ಇದೆಲ್ಲ ಬೆಂಗಳೂರಿನ ಸುತ್ತಲೇ ತಿರುಗುತ್ತದೆ. ಕಲಬುರಗಿಯ ಹುಡುಗಿ ಒಂದು ಜಾಮ್‌ಗೆ ಬರಬೇಕಾದರೆ ಒಂದು ರಾತ್ರಿ ರೈಲಿನಲ್ಲಿ ಕೂರಬೇಕು. ನಿಮ್ಮ ಊರಿನ ಕಾಲೇಜಿನಲ್ಲಿ ಒಂದು ಲ್ಯಾಬ್ ಎರಡು ದಿನಕ್ಕೆ ಕೊಡುತ್ತಾರಾ ಕೇಳಿ. ಹತ್ತು ಜನ ಸೇರಿದರೆ ಜಾಮ್ ಆಗುತ್ತದೆ.

ಗೇಮ್ ಕೀ ಕೊಡಿ, ಪ್ರಚಾರ ಮಾಡುತ್ತೇವೆ ಅಂತ ಮೇಲ್ ಬರುತ್ತಿದೆ.

ಬಹುಪಾಲು ಮೋಸ. ಕೀ ಅಂದರೆ ದುಡ್ಡು ಕೊಡದೆ ಗೇಮ್ ಪಡೆಯಲು ಬಳಸುವ ಕೋಡ್, ಅದನ್ನು ತೆಗೆದುಕೊಂಡು ಬೇರೆ ಕಡೆ ಮಾರುತ್ತಾರೆ. ನಿಜವಾದ ಯೂಟ್ಯೂಬರ್ ಆದರೆ ಅವರ ಚಾನೆಲ್ ಪುಟದಲ್ಲಿರುವ ವಿಳಾಸಕ್ಕೆ ನೀವೇ ಬರೆದು ಖಚಿತ ಮಾಡಿಕೊಳ್ಳಿ.

ಬೇರೆಯವರಿಗೆ ಆಡಿಸಿ ನೋಡುವುದು ಹೇಗೆ?

ಕೈಗೆ ಕೊಟ್ಟು ಬಾಯಿ ಮುಚ್ಚಿ ಕೂರಿ. ಅದೇ ಕಷ್ಟ. ‘ಅಲ್ಲಿ ಒತ್ತು’ ಅಂತ ಹೇಳಬೇಕು ಅನ್ನಿಸಿದ ಪ್ರತಿ ಜಾಗವನ್ನೂ ಬರೆದುಕೊಳ್ಳಿ, ನಾಳೆ ತಿದ್ದಬೇಕಾದ್ದು ಅದನ್ನೇ. ಆಡಿದವರು ‘ಚೆನ್ನಾಗಿದೆ’ ಅನ್ನುತ್ತಾರೆ, ನಮ್ಮ ಜನ ಮುಖಕ್ಕೆ ಕೆಟ್ಟದ್ದು ಹೇಳುವುದಿಲ್ಲ. ಅದರ ಬದಲು ಅವರಾಗಿಯೇ ಎರಡನೇ ಸಲ ಶುರು ಮಾಡಿದರಾ ನೋಡಿ.

ಬಿಡುಗಡೆಯ ದಿನ ಏನು ಮಾಡಬೇಕು?

ಶುಕ್ರವಾರ ಬಿಡುಗಡೆ ಮಾಡಬೇಡಿ, ತಪ್ಪು ಕಂಡರೆ ಶನಿವಾರ ಭಾನುವಾರ ನಿಮ್ಮೊಬ್ಬರ ಮೇಲೇ ಬೀಳುತ್ತದೆ. ಮಂಗಳವಾರವೋ ಬುಧವಾರವೋ ಇರಲಿ, ಆಫೀಸಿಗೆ ಮೂರು ದಿನ ರಜೆ ಹಾಕಿ. ಮೊದಲ ಗಂಟೆಯಲ್ಲಿ ಗೇಮ್ ತೆರೆಯುತ್ತಿಲ್ಲ ಅಂತ ಯಾರಾದರೂ ಬರೆಯುತ್ತಾರೆ. ಉತ್ತರ ಕೊಡಿ, ಸರಿಮಾಡಿ, ಸರಿಮಾಡಿದ್ದೇವೆ ಅಂತ ತಿಳಿಸಿ. ಸ್ಟೀಮ್‌ನಲ್ಲಿ ಎರಡು ಗಂಟೆಗಿಂತ ಕಡಿಮೆ ಆಡಿದವರು 14 ದಿನದೊಳಗೆ ಹಣ ವಾಪಸ್ ಕೇಳಬಹುದು. ಕೆಲವರು ಕೇಳುತ್ತಾರೆ, ಅವರು ಬರೆದ ಕಾರಣ ಓದಿ. ಕೆಟ್ಟ ವಿಮರ್ಶೆಗೆ ಅವತ್ತೇ ಉತ್ತರ ಬರೆಯಬೇಡಿ. ನನ್ನ ಮೊದಲ ಗೇಮಿಗೆ ಬಂದ ಮೊದಲ ವಿಮರ್ಶೆ ಎರಡೇ ಸಾಲಿನದ್ದು, ಬ್ರೆಜಿಲ್‌ನಿಂದ. ಹುಲಿ ತುಂಬಾ ನಿಧಾನ ಅಂತ ಬರೆದಿದ್ದರು. ಮರುದಿನ ಹುಲಿಯ ನಡೆಯ ವೇಗ ಹೆಚ್ಚಿಸಿ, ಹೊಸ ಆವೃತ್ತಿ ಹಾಕಿದೆ.